ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಮರಳವಾಡಿಯ ಚಿಕ್ಕಲಕ್ಷ್ಮಮ್ಮ ಹಾಡಲು ಕೂತರೆ ಸುತ್ತಲಿನ ಹೆಂಗಸರು ಕೆಲಸ ಬಿಟ್ಟು ಬರುತ್ತಿದ್ದರು. ದಡಾರದ ದೇವಿಯಾದ ಅಮ್ಮನ ಮೇಲಿನ ಪದಗಳಂತೂ ಅವರಿಗೆ ಬಾಯಿಪಾಠ. ಸೊಸೆ ರಾಧಾಮಣಿ ಕನಕಪುರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಅತ್ತೆಯ ಪದಗಳ ಬಗ್ಗೆ ಅವಳು ಬರೆದ ಲೇಖನ ಅಚ್ಚಾದಾಗ ಗಂಡ ಮಹೇಂದ್ರ ಅದನ್ನು ಊರಿಗೆಲ್ಲ ತೋರಿಸಿದ್ದ. ಆದರೆ ಆ ಮನೆಯಲ್ಲಿ ಪದದ ಜೊತೆಗೇ ಒಂದು ಕಟ್ಟಳೆಯೂ ಇತ್ತು: ಅಮ್ಮನಿಗೆ ಸೂಜಿ ಆಗದು. ಅತ್ತೆಯ ಹಟಕ್ಕೆ ಮನೆಯವರು ಸೋತು, ಮೊಮ್ಮಗಳು ಅಮೂಲ್ಯಳಿಗೆ ದಡಾರದ ಲಸಿಕೆ ಹಾಕಿಸಿರಲಿಲ್ಲ.

ನಾಲ್ಕು ವರ್ಷದ ಆ ಮಗುವಿಗೆ ಜ್ವರ ಬಂದು ಮೈತುಂಬ ಕೆಂಪು ದದ್ದು ಎದ್ದಿತು. ಚಿಕ್ಕಲಕ್ಷ್ಮಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮಾತ್ರೆ ಕೊಡಕೂಡದು, ಮಗು ಹೊಸಿಲು ದಾಟಕೂಡದು ಎಂದರು. ಪಕ್ಕದಲ್ಲೇ ಕೂತು ಹಾಡತೊಡಗಿದರು. ರಾಧಾಮಣಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಅಡುಗೆಮನೆಗೆ ಹೋಗುವಳು, ಒಲೆ ಹಚ್ಚುವುದನ್ನೂ ಮರೆತು ಮಗುವಿನ ಹತ್ತಿರ ಬರುವಳು. ಕೆಮ್ಮು ಹೆಚ್ಚುತ್ತಲೇ ಇತ್ತು. ಒಂದು ಮಧ್ಯಾಹ್ನ, ಉಸಿರೆಳೆದಾಗಲೆಲ್ಲ ಮಗುವಿನ ಪಕ್ಕೆ ಒಳಕ್ಕೆ ಹೋಗುವುದನ್ನು ಕಂಡು ಎತ್ತಿಕೊಂಡೇಬಿಟ್ಟಳು.

ಮಹೇಂದ್ರ ತಡೆದ. ಈ ನಂಬಿಕೆ ದೊಡ್ಡದು ಅಂತ ನೀನೇ ಬರೆದಿದ್ದೆಯಲ್ಲ ಎಂದ.

"ಪದ ಚೆನ್ನಾಗೈತೆ ಅಂತ ಬರ್ದೆ. ಅದು ಔಷಧಿ ಅಂತ ಬರೀಲಿಲ್ಲ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಅಮ್ಮ ಮುನಿದ್ರೆ ಮನೆ ಉಳಿಯಾಕಿಲ್ಲ ಕಣವ್ವ."

"ಮುನಿದ್ರೆ ನನ್ನ ಮೇಲೆ ಮುನೀಲಿ ಅತ್ತೆ. ದಾರಿ ಬಿಡಿ," ಎಂದಳು ರಾಧಾಮಣಿ.

ಯಾರೂ ಜೊತೆಗೆ ಬರಲಿಲ್ಲ. ಸಿಕ್ಕ ಆಟೋ ಹತ್ತಿ ಕನಕಪುರದ ಆಸ್ಪತ್ರೆ ಸೇರಿದಳು. ದಡಾರ ಎದೆಗಿಳಿದು ನ್ಯುಮೋನಿಯಾ ಆಗಿದೆ, ಇನ್ನೂ ತಡವಾಗಿದ್ದರೆ ಕೈಮೀರುತ್ತಿತ್ತು ಎಂದ ಡಾಕ್ಟರು ಕೂಡಲೇ ಆಕ್ಸಿಜನ್ ಹಾಕಿಸಿದರು.

ಮಗು ಚೇತರಿಸಿಕೊಂಡು ಗಂಜಿ ಕುಡಿದ ದಿನ ಚಿಕ್ಕಲಕ್ಷ್ಮಮ್ಮ ಮಗನ ಜೊತೆ ಆಸ್ಪತ್ರೆಗೆ ಬಂದರು. ಮೊಮ್ಮಗಳ ಕಾಲು ಸವರುತ್ತಾ ಕೂತರು. ಮಹೇಂದ್ರ ಹೊರಗೆ ಹೋದಮೇಲೆ, ಅವನಿಗೂ ಹೇಳದಿದ್ದ ಸಂಗತಿ ಹೇಳಿದರು. ಅವನಿಗಿಂತ ಮೊದಲು ಅವರಿಗೊಂದು ಹೆಣ್ಣುಮಗು ಇತ್ತು. ಅದಕ್ಕೂ ದಡಾರದಲ್ಲಿ ಹೀಗೇ ಉಸಿರು ಕಟ್ಟಿತ್ತು.

"ಹಾಡ್ತಾ ಇರು ಅಂದ್ರು ಹಿರೀಕರು, ಹಾಡ್ತಾನೇ ಇದ್ದೆ. ಮಡ್ಲಲ್ಲೇ ತಣ್ಣಗಾಗೋಯ್ತು. ನಂಗೂ ಎತ್ಕೊಂಡು ಓಡ್ಬೇಕು ಅನ್ಸಿತ್ತು ಕಣವ್ವ. ಓಡ್ಲಿಲ್ಲ."

ರಾಧಾಮಣಿ ಅವರ ಕೈ ಹಿಡಿದುಕೊಂಡಳು. ಆಮೇಲೆ ಅತ್ತೆ, ಪಕ್ಕದ ಮನೆ ಕೆಂಚಯ್ಯನ ಮೊಮ್ಮಗುವಿಗೂ ಲಸಿಕೆ ಬೇಡ ಅಂದವಳು ನಾನೇ, ಈಗ ಹಾಕಿಸಲಿ ಅಂತ ಫೋನ್ ಮಾಡಿ ಹೇಳು ಎಂದರು. ರಾಧಾಮಣಿ ನಂಬರು ಒತ್ತಿ, ನಿಮ್ಮ ಮಾತಾದರೆ ಅವರು ಕೇಳುತ್ತಾರೆ ಎಂದು ಫೋನನ್ನು ಅವರ ಕೈಗೇ ಕೊಟ್ಟಳು.

ಮುದುಕಿ ಫೋನನ್ನು ಕಿವಿಗೆ ಒತ್ತಿಕೊಂಡರು.

"ಕೆಂಚಯ್ಯ, ನಾನು ಕಣಪ್ಪ, ಚಿಕ್ಕಲಕ್ಷ್ಮಿ. ಅವತ್ತು ನಾನು ಯೋಳಿದ್ದು ತಪ್ಪು. ಮಗೀಗೆ ಸೂಜಿ ಹಾಕ್ಸು."