ಕಿಟಕಿ ಬದಿಯ ಸೀಟು

ಖಾಲಿ ಲೋಕಲ್ಲು ಯಾರ್ಡಿನ ಕಡೆಯಿಂದ ತೆವಳುತ್ತ ಬರುತ್ತಿದೆ, ಕಲ್ಯಾಣದಿಂದಲೇ ಹೊರಡುವ ಗಾಡಿ, ನಿಲ್ಲುವ ಮೊದಲೇ ಹಾರಿದವನಿಗೆ ಸೀಟು, ನಿಂತ ಮೇಲೆ ಹತ್ತಿದವನಿಗೆ ಥಾಣೆಯವರೆಗೂ ಕಂಡವರ ಬೆವರು — ಜಲಜಾಕ್ಷಿ ಪ್ಲಾಟ್‌ಫಾರ್ಮಿನ ಅಂಚಿನಿಂದ ಎರಡು ಹೆಜ್ಜೆ ಹಿಂದೆ ಸರಿದಳು, ಹತ್ತು ವರ್ಷದಿಂದ ಹೀಗೆಯೇ ಸರಿಯುತ್ತಾಳೆ, ಪಕ್ಕದಲ್ಲಿ ಮುರಾರಿ ಶರಟಿನ ತೋಳು ಮಡಚುತ್ತಿದ್ದಾನೆ, ಥಾಣೆಯ ಹೋಟೆಲೊಂದರ ಗಲ್ಲಾಪೆಟ್ಟಿಗೆಯಲ್ಲಿ ಕೂರುವವನು, ಹೆಂಡತಿ ತೀರಿ ಆರು ವರ್ಷ, ಮಾತು ಕಡಿಮೆ, ಆಡಿದರೆ ನೇರ, ಇವತ್ತು ಥಾಣೆ ಬರುದರೊಳಗೆ ಹೇಳಿಬಿಡಿ, ಮದುವೆಗೆ ಹೌದಾದರೆ ಹೌದು, ಅಲ್ಲದಿದ್ದರೆ ಅಲ್ಲ, ನಾನೇನು ಬೇಜಾರು ಮಾಡುದಿಲ್ಲ ಎಂದಿದ್ದಾನೆ. ಬೇಡ ಎನ್ನುವುದೆಂದು ಬೆಳಿಗ್ಗೆ ಚಹಾ ಸೋಸುವಾಗಲೇ ನಿಶ್ಚಯವಾಗಿದೆ, ಉಡುಪಿಯಿಂದ ಅಕ್ಕ ವಿಮಲಾ ಫೋನಿನಲ್ಲಿ ಗಾದೆ ಬೇರೆ ಹೇಳಿದ್ದಾಳೆ, ಹಾಲು ಕುಡಿದು ಬಾಯಿ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡೀಬೇಕು ಮಾರಾಯ್ತಿ — ಊದುವುದೆಲ್ಲಿ ಬಂತು, ಜಲಜಾಕ್ಷಿ ಲೋಟವನ್ನೇ ಬೋರಲು ಹಾಕಿ ಕೂತವಳು, ಮಗಳು ಮಾನಸಿ ಮಾತ್ರ ಕ್ಯಾ ಆಯಿ, ಅಂಕಲ್ ಅಚ್ಛೇ ತೋ ಹೈಂ ಎನ್ನುತ್ತಾಳೆ, ಒಂಬತ್ತು ವರ್ಷದವಳಿಗೆ ಏನು ಗೊತ್ತು, ಒಳ್ಳೆಯವರೇ ಅಲ್ಲವೇ ಸಾಯುವುದು, ಕೆಟ್ಟವರೆಲ್ಲ ನಿಂತ ಗಾಡಿ ಹತ್ತಿ ಮುದುಕರಾಗುತ್ತಾರೆ. ಗಂಡ ಲೋಕನಾಥನೂ ಒಳ್ಳೆಯವನೇ, ಎರಡು ಸಾವಿರದ ಎರಡು, ಮದುವೆಯಾಗಿ ಹನ್ನೊಂದು ತಿಂಗಳು, ಹೊಟ್ಟೆಯಲ್ಲಿ ಈ ಮಾನಸಿ, ನಾನು ಹೆಂಗಸರ ಡಬ್ಬಿಗೆ ಹೋಗುತ್ತೇನೆ ಅಂದರೆ ಕೇಳಬೇಕಲ್ಲ, ಅರ್ಧ ಗಂಟೆ ಒಟ್ಟಿಗೆ ಕೂತು ಹೋಗುವ ಮಾರಾಯ್ತಿ, ನಾನು ಸೀಟು ಹಿಡೀತೇನೆ — ಚಲಿಸುತ್ತಿದ್ದ ಗಾಡಿಯ ಕಿಟಕಿಯೊಳಗೆ ಕರ್ಚೀಫು ಎಸೆದ, ಅದು ಸೀಟಿನ ಮೇಲೆ ಬಿತ್ತು, ಅವನು ಬಾಗಿಲಿಗೆ ಹಾರಿದ, ಕಂಬಿ ಕೈಗೆ ಸಿಗಲಿಲ್ಲ. ಗಾಡಿ ನಿಂತಾಗ ಆ ಕಿಟಕಿ ಅವಳ ಮುಂದೆಯೇ ನಿಂತಿತ್ತು. ಒಂದು ಸೀಟಿಗಾಗಿ ಅಣ್ಣತಮ್ಮಂದಿರು ಕಾಲರ್ ಹಿಡಿಯುವ ಗಾಡಿಯಲ್ಲಿ ಆ ನೀಲಿ ಕರ್ಚೀಫಿನ ಮೇಲೆ ಒಬ್ಬನೂ ಕೂರಲಿಲ್ಲ, ಎಲ್ಲರೂ ನಿಂತೇ ಇದ್ದರು, ಅವರ ಮರ್ಯಾದೆಗೆ ಬೆಂಕಿ ಹಾಕ.

ಪ್ರೀತಿಯಂತೆ. ಅರ್ಧ ಗಂಟೆಯ ಪ್ರೀತಿ. ಪ್ರೀತಿ ಇಲ್ಲದ ಗಂಡನಾಗಿದ್ದರೆ ಹೋಗು, ನಿಂತುಕೊಂಡು ಸಾಯಿ ಅನ್ನುತ್ತಿದ್ದ, ಬದುಕಿರುತ್ತಿದ್ದ. ಅದಕ್ಕೇ ಮುರಾರಿಯಿಂದ ಮೊದಲೇ ಆಣೆ ಹಾಕಿಸಿಕೊಂಡಿದ್ದಾಳೆ, ಮಂಜುನಾಥನಾಣೆ ಓಡುವ ಗಾಡಿ ಹತ್ತುದಿಲ್ಲ, ಅವರ ಊರ ಕಡೆ ಆ ಆಣೆಗೆ ತಪ್ಪಿದವರಿಲ್ಲ, ಎರಡು ವರ್ಷದಿಂದ ಇಬ್ಬರೂ ಸಭ್ಯರಾಗಿ ಎರಡು ಮೊಳ ದೂರ ನಿಂತು ಥಾಣೆಗೆ ಹೋಗುತ್ತಾರೆ, ನಿನ್ನೆ ಬಾಯಿ ತಪ್ಪಿ ಇವಳು ನಿಂತು ನಿಂತು ಮೊಣಕಾಲು ನೋಯುತ್ತದೆ ಅಂದದ್ದೊಂದು — ಪಕ್ಕದಲ್ಲಿ ಅವನಿಲ್ಲ. ಓಡುತ್ತಿದ್ದಾನೆ, ನಲವತ್ತೈದರ ಗಂಡಸು, ಗಾಡಿಯ ಜೊತೆ, ತೋಳು ಚಾಚಿ, ಕಾಲು ಎತ್ತಿದ, ಮುರಾರೀ ಎಂದು ಯಾರೋ ಕಿರುಚಿದರು, ಜನ ತಿರುಗಿ ನೋಡಿದ್ದು ಅವಳನ್ನೇ, ಎರಡು ವರ್ಷ ಮುರಾರಿಯವರೇ ಎಂದ ಬಾಯಿ ಅದು, ಎದೆ ಹೊಡೆದುಕೊಂಡ ಕೈಯೂ ಅವಳದೇ. ಬಿದ್ದಿಲ್ಲ. ಒಳಗಿದ್ದಾನೆ. ಗಾಡಿ ನಿಂತಿತು, ನಗುತ್ತಿದ್ದಾನೆ ಮೂರ್ಖ, ಬನ್ನಿ, ಬೇಗ ಬನ್ನಿ, ಕಿಟಕಿ ಬದಿಯದೇ ಸಿಕ್ಕಿತು, ದೇವರಿಗೆ ತಪ್ಪು ಕಾಣಿಕೆ ಹಾಕುವ. ಈಗ ಬೇಡ ಎಂದು ಏನು ಪ್ರಯೋಜನ, ಬೇಡ ಎಂದರೆ ಅವನು ನಾಳೆ ಹಾರುವಾಗ ಈ ಎದೆ ಸುಮ್ಮನಿರುತ್ತದೆಯೇ, ಕಳೆದುಕೊಳ್ಳುವುದಕ್ಕೆ ತಾಳಿಯೇ ಬೇಕೆಂದು ಯಾರು ಹೇಳಿದ್ದು, ಕಾವಲು ಕಾದು ಕಾದು ಹಿಂಬಾಗಿಲು ತೆರೆದಿಟ್ಟಿದ್ದಾಳೆ, ಥೂ — ಆಂಟಿ, ಬೈಠನಾ ಹೈ ಕಿ ನಹೀಂ, ಕೂರುವುದಿದ್ದರೆ ಹತ್ತಿ ಎಂದು ಹಿಂದಿನಿಂದ ಯಾರದೋ ಮೊಣಕೈ, ಕಾಲು ಏಳುವುದಿಲ್ಲ, ಕಂಬಿಗಳಾಚೆ ಮುರಾರಿ ಬಿಡಿಸಿಟ್ಟ ಕರ್ಚೀಫು, ಬಿಳಿಯದು, ಇಸ್ತ್ರಿಯ ಗೆರೆ ಇನ್ನೂ ಹೋಗಿಲ್ಲ, ಅದರ ಮೇಲೆ ಯಾರೂ ಕೂತಿಲ್ಲ, ಯಾರೂ