ತಿಳೀತ್ರಿ ಮೇಡಂ

ಮೈಕು ಕುಂಯ್ ಅಂತು, ಯಾರೋ ಅದರ ತಲೆ ತಟ್ಟಿದರು, ಸರಿಯಾಯಿತು, ನನ್ನದೇ ದನಿ ರಾಣೆಬೆನ್ನೂರಿನ ಈ ಕಾಲೇಜಿನ ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತಿದೆ, ಗುರಿ ಇರಲಿ, ಶಿಸ್ತು ಇರಲಿ, ಹನ್ನೊಂದು ವರ್ಷದಿಂದ ಕರೆದ ಕಾಲೇಜಿನಲ್ಲೆಲ್ಲ ಇದೇ ಭಾಷಣ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ, ತಿಳೀತೇನು ಅಂದೆ, ತಿಳೀತ್ರಿ ಮೇಡಂ, ಮುನ್ನೂರು ಹೊಸ ಮಕ್ಕಳು ಒಂದೇ ಉಸಿರಿಗೆ, ಮೂರನೆಯ ಸಾಲಿನ ಆ ಹುಡುಗಿಯೂ ಅಂದಳು, ಐರಣಿಯ ಫಕ್ಕೀರವ್ವ, ಅವಳಪ್ಪ ಮೈಲಾರೆಪ್ಪ ಆಫೀಸಿನ ಬೆಂಚಿನ ಮೇಲೆ ಕುಳಿತಿದ್ದಾರೆ, ಮಗಳ ಟಿಸಿ ಕೊಡ್ರಿ ಅಂತ, ಕಾಲೇಜು ಸೇರಿ ಇಪ್ಪತ್ತೇ ದಿನ, ಪ್ರಿನ್ಸಿಪಾಲರು ಚಹಾ ಕೊಡುತ್ತ ಅವಳನ್ನು ತೋರಿಸಿ ಹೇಳಿದ್ದರು, ಇಂಗ್ಲಿಷ್ ಪಾಠ ತಲೀಗೆ ಹತ್ತವಲ್ತು ಅಂತ ಮನ್ಯಾಗ ಅಳತಾಳಂತ, ಕ್ಲಾಸಿನ್ಯಾಗ ಕೇಳಿದ್ರ ಎಲ್ಲಾ ತಿಳೀತ್ರಿ ಅಂತಾಳ, ನೀವರ ಒಂದ್ ಮಾತ್ ಹೇಳ್ರಿ ದಿಲನಾಜ ಮೇಡಂ. ಹೇಳಿದೆನಲ್ಲ. ಚಪ್ಪಾಳೆಯೂ ಬಿತ್ತು, ಅವಳೂ ತಟ್ಟಿದಳು, ನೆಲ ನೋಡುತ್ತ ತಟ್ಟಿದಳು, ನನ್ನ ಭಾಷಣವೂ ಅವಳಿಗೆ ಇನ್ನೊಂದು ಇಂಗ್ಲಿಷ್ ಪಾಠವೇ ಆಯಿತು.

ತಿಳೀತ್ರಿ — ಈ ಮಾತು ನನಗೆ ಗೊತ್ತಿಲ್ಲವೇ, ನಮ್ಮ ಕಡೆ ಇದು ಉತ್ತರವಲ್ಲ, ಕಲಿಸುವವರ ಮುಖ ಸಣ್ಣದಾಗಬಾರದೆಂದು ಕೊಡುವ ಮರ್ಯಾದೆ, ಬ್ಯಾಡಗಿಯ ಉರ್ದು ಶಾಲೆಯಲ್ಲಿ ಕಲಿತು ಹಾವೇರಿಯ ಕಾಲೇಜಿಗೆ ರೈಲಿನಲ್ಲಿ ಹೋಗುತ್ತಿದ್ದ ನಾನೂ ಅದನ್ನೇ ಕೊಟ್ಟೆ, ಸೋಮವಾರ ಇಂಟರ್ನಲ್ ಐತಿ ಅಂದರು ಸರ್, ತಿಳೀತೇನು, ತಿಳೀತ್ರಿ ಸರ್, ಇಂಟರ್ನಲ್ ಅಂದರೆ ಒಳಗಿನವರದು, ಹಾಸ್ಟೆಲಿನೊಳಗೆ ಇರುವವರದು, ನಾನೋ ದಿನಾ ಹೊರಗಿನಿಂದ ಬರುವವಳು, ಹಾಗಂದುಕೊಂಡು ಪರೀಕ್ಷೆಯ ದಿನ ಮನೆಯಲ್ಲಿ ಅಮ್ಮಿಯ ಜೊತೆ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಆರಾಮಾಗಿ ಕುಳಿತೆ. ಸೊನ್ನೆ ಬಂತು. ಅಮ್ಮಿ ಬೈಯಲಿಲ್ಲ, ಕಾಯ್ಕು ನೈ ಪೂಛೀ, ಯಾಕೆ ಕೇಳಲಿಲ್ಲ, ಅಷ್ಟೇ ಅಂದಳು, ಈ ಸೊನ್ನೆಯನ್ನು ಯಾವ ವೇದಿಕೆಯಲ್ಲೂ ಹೇಳಿಲ್ಲ, ಬೆನ್ನ ಹಿಂದಿನ ಬ್ಯಾನರಿನಲ್ಲಿ ಚಿನ್ನದ ಪದಕ ವಿಜೇತೆ ಅಂತ ಹಾಕಿದ್ದಾರೆ, ಸೊನ್ನೆ ಯಾರು ಹಾಕುತ್ತಾರೆ, ಹೆದರಿಕೆ ಆಗುತ್ತಿದೆ, ಖರೇ ಹೆದರಿಕೆ, ಆದರೂ ಚಪ್ಪಾಳೆ ಮುಗಿದ ಮೇಲೂ ಮೈಕು ಬಿಡದೆ ಬಾಯಿ ಹೇಳುತ್ತಿದೆ, ಇಂಟರ್ನಲ್, ಹಾಸ್ಟೆಲ್, ತೊಟ್ಟು, ನಗುತ್ತಿದ್ದಾರೆ, ಪ್ರಿನ್ಸಿಪಾಲರೂ ನಗುತ್ತಿದ್ದಾರೆ, ನಗಲಿ, ಈಗ ಕೇಳಿಯೇ ಬಿಡುತ್ತೇನೆ, ತಿಳೀದಿದ್ರೂ ತಿಳೀತ್ರಿ ಅಂದವ್ರು ಯಾರ್ ಅದೀರಿ, ಕೈ ಎತ್ರಿ, ಮೊದಲ ನಂದು. ಎತ್ತಿದೆ. ಇಡೀ ಸಭಾಂಗಣದಲ್ಲಿ ನನ್ನದೊಂದೇ, ಫ್ಯಾನು ತಿರುಗುತ್ತಿದೆ, ಭುಜ ನೋಯುತ್ತಿದೆ, ಇಳಿಸಿಬಿಡಲೇ, ಇಳಿಸಿದರೆ ಹೇಳಿದ್ದೂ ದಂಡ, ಹುಡುಗಿಯೂ ಇವತ್ತೇ ಐರಣಿಯ ಬಸ್ಸು ಹತ್ತುತ್ತಾಳೆ, ಮತ್ತೆ ಬರುವುದಿಲ್ಲ, ತಡಿ ದಿಲನಾಜ, ಇನ್ನೊಂದು ಚೂರು ತಡಿ, ಮೂರನೆಯ ಸಾಲು ಅಲುಗಿತು, ಓಢಣಿಯೊಳಗಿಂದ ಒಂದು ಕೈ, ಕಿವಿಯವರೆಗೆ ಬಂದು ನಿಂತಿತು, ಕೂದಲು ಸರಿಮಾಡುವ ನೆಪ, ಅಲ್ಲ, ನೆಪವಲ್ಲ, ಮೇಲೆ ಬರುತ್ತಿದೆ, ಹಸಿರು ಬಳೆಗಳು ಮೊಣಕೈಗೆ ಜಾರಿದವು, ತಿಳೀಲಿಲ್ರಿ ಮೇಡಂ, ಇಪ್ಪತ್ತ್ ದಿನದಿಂದ ಒಂದೂ ತಿಳೀಲಿಲ್ರಿ, ಈಗ ಯಾರೂ ನಗುತ್ತಿಲ್ಲ, ಅವಳ ಹಿಂದೆ ಒಂದು ಕೈ, ಗೋಡೆಯ ಕಡೆ ನಾಲ್ಕು, ಆಮೇಲೆ ಸಾಲುಸಾಲೇ, ನನಗೆ ಅಳು ಬರುತ್ತಿದೆ, ಸಂತೋಷಕ್ಕೆ, ಮುಂದೇನು ಹೇಳಬೇಕು, ಬರೆದುಕೊಂಡಿಲ್ಲ, ಬಾಗಿಲಲ್ಲಿ ಮೈಲಾರೆಪ್ಪ, ಬಾ ಹೋಗೂಣು ಅಂತ ಕರೆಯಲು ಬಂದವರು ಕರೆಯುತ್ತಿಲ್ಲ, ನೋಡುತ್ತಿದ್ದಾರೆ, ಮಗಳು ಇನ್ನೂ ಇಳಿಸಿಲ್ಲ, ಆ ಕೈ, ಹಸಿರು ಬಳೆಯ ಕೈ, ಆ ಕೈ