ಡಬ್ಬಿರಾಯರ ಮೂಗು

ಯಾರೂ ನೋಡದ ಹಳೇ ಸಿನಿಮಾಗಳೆಂದರೆ ಗಡಿಯಾರ ರಿಪೇರಿ ಮಾಡುವ ರಾಯರಿಗೆ ಪಂಚಪ್ರಾಣ. ಮುಚ್ಚಿಹೋದ ಟಾಕೀಸುಗಳಿಂದ ಹೊತ್ತು ತಂದ ರೀಲಿನ ಡಬ್ಬಿಗಳು ಮಲಗುವ ಕೋಣೆಯಲ್ಲಿ ಸೂರು ಮುಟ್ಟಿದ್ದವು. ಬೀದಿಯವರು ಅವರಿಗೆ ಇಟ್ಟ ಹೆಸರು ಡಬ್ಬಿರಾಯರು. ಹೆಂಡತಿಯಂತೂ ಬೆಳಗಾದರೆ, "ಒಂದಿನ ಇವನ್ನೆಲ್ಲ ಗುಜರಿಗೆ ಹಾಕ್ತೀನಿ, ನೋಡ್ತಾ ಇರಿ," ಎನ್ನುತ್ತಿದ್ದಳು.

ಹಳೇ ಫಿಲ್ಮು ಕೆಡತೊಡಗಿದರೆ ವಿನೆಗರ್‌ನಂಥ ಹುಳಿ ವಾಸನೆ ಬರುತ್ತದೆ. ಕೂಡಲೇ ಬೇರೆ ಇಡದಿದ್ದರೆ ಪಕ್ಕದವೂ ಕೆಡುತ್ತವೆ. ಅದಕ್ಕೇ ರಾಯರು ಆಗಾಗ ಒಂದೊಂದೇ ಮುಚ್ಚಳ ತೆಗೆದು ಮೂಸುತ್ತಿದ್ದರು. ಈ ಸಲ, ಫಿಲ್ಮಿಗೆ ಕಂಟಕವಾದ ಸೆಕೆಗಾಲದಲ್ಲೇ, ಹಾಳಾದ ನೆಗಡಿ ಅಮರಿಕೊಂಡಿತು. ಸೋಪನ್ನು ಮೂಗಿಗೆ ಹಿಡಿದರೂ ಕಲ್ಲು ಹಿಡಿದಂತೆಯೇ ಇತ್ತು.

ಬೇರೆ ದಾರಿ ಕಾಣದೆ ಹೆಂಡತಿಯನ್ನು ಗೋಗರೆದರು. "ನೀನೇ ಒಂದ್ಸಲ ಮೂಸಿ ನೋಡೇ."

ಕೇಳಿದ ಮೇಲೆ ರಾಯರಿಗೆ ದಿಗಿಲಾಯಿತು. ಎಲ್ಲ ಕೆಟ್ಟಿವೆ ಅಂದುಬಿಟ್ಟರೆ? ಗುಜರಿಯವನನ್ನು ಕರೆಯಲು ಇದಕ್ಕಿಂತ ಒಳ್ಳೆಯ ನೆಪ ಅವಳಿಗೆ ಸಿಕ್ಕೀತೇ! ಅವಳು ಮೂಸುತ್ತ ಹೋದಳು. ಅವುಗಳಲ್ಲಿ ರಾಯರ ಅಚ್ಚುಮೆಚ್ಚಿನದು, ದೆವ್ವಕ್ಕೆ ಹೆದರುವ ಕಳ್ಳನ ಚಿತ್ರ. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಆ ಚಿತ್ರದ ಡಬ್ಬಿಯ ಬಳಿ ಅವಳು ತುಸು ತಡೆದು, ಆಮೇಲೆ ಉಳಿದವನ್ನೂ ಮುಗಿಸಿ, "ಎಲ್ಲ ಚೆನ್ನಾಗಿವೆ, ಹೋಗ್ರೀ," ಎಂದಳು. ರಾಯರಿಗೆ ಹೋದ ಜೀವ ಬಂದಂತಾಯಿತು.

ಕೆಲವು ದಿನಕ್ಕೆ ಕಟ್ಟಿದ ಮೂಗು ಬಿಟ್ಟಿತು. ಕೋಣೆಗೆ ಕಾಲಿಟ್ಟದ್ದೇ ತಡ, ಹುಳಿ ವಾಸನೆ ರಪ್ಪನೆ ಬಡಿಯಿತು. ಅದೇ ಕಳ್ಳನ ಡಬ್ಬಿ!

"ಸುಳ್ಳು ಯಾಕೇ ಹೇಳಿದೆ? ಪಕ್ಕದವೂ ಕೆಟ್ಟಿದ್ರೆ ಏನು ಗತಿ?" ರಾಯರು ಹೌಹಾರಿದರು.

"ಬೈರಿ, ಇನ್ನೂ ನಾಲ್ಕು ಬೈರಿ. ಮೂಗು ಸೋರಿಸ್ಕೊಂಡು, ಮಗು ಥರ ನನ್ನ ಮುಖಾನೇ ನೋಡ್ತಾ ಕೂತಿದ್ರಿ. ಕೆಟ್ಟಿದೆ ಅಂತ ಹೇಗ್ರೀ ಹೇಳ್ಲಿ? ನಂಗೆ ಬಾಯೇ ಬರ್ಲಿಲ್ಲ."

ರಾಯರ ಸಿಟ್ಟು ಝರ್ರನೆ ಇಳಿಯಿತು. ಅಯ್ಯೋ, ಗುಜರಿ ಗುಜರಿ ಎನ್ನುವವಳಿಗೆ ತಮ್ಮ ಮೇಲೆ ಇಷ್ಟೊಂದು ಅಕ್ಕರೆಯೇ ಎಂದು ಒಳಗೊಳಗೇ ಹಿಗ್ಗಿದರು. ಪುಣ್ಯಕ್ಕೆ ಪಕ್ಕದ ಡಬ್ಬಿಗಳಿಗೆ ಏನೂ ಆಗಿರಲಿಲ್ಲ. ಆದರೆ ಕಳ್ಳನ ಡಬ್ಬಿಯನ್ನು ಬೇರೆ ಇಡುವುದೆಲ್ಲಿ? ಮನೆಯಲ್ಲಿ ಸೂಜಿಮೊನೆ ಊರುವಷ್ಟೂ ಜಾಗವಿಲ್ಲ. ಹೊರಗಿಟ್ಟರೆ ಬಿಸಿಲಿಗೆ ಪೂರ್ತಿ ಹಾಳಾಗುತ್ತದೆ.

ಅಷ್ಟರಲ್ಲಿ ಹೆಂಡತಿ ತನ್ನ ಬೀರು ತೆರೆದು, ಮೇಲಿನ ಖಾನೆಯ ಬಟ್ಟೆಯನ್ನೆಲ್ಲ ಮಂಚದ ಮೇಲೆ ಸುರಿದಳು. ಖಾಲಿಯಾದ ಜಾಗಕ್ಕೆ ಆ ಡಬ್ಬಿಯನ್ನು ತಾನೇ ಎತ್ತಿ ನೂಕಿದಳು.

"ಲೇ, ಕೆಳಗಿನ ಬಟ್ಟೆಗೆಲ್ಲ ವಾಸನೆ ಹತ್ತುತ್ತೆ ಕಣೇ!"

"ಹತ್ಲಿ ಬಿಡಿ. ಇಷ್ಟು ವರ್ಷ ನಿಮ್ಮ ಜೊತೆ ಬಾಳಿದ್ದೀನಿ, ಆ ಬಡಪಾಯಿ ಕಳ್ಳ ಯಾವ ಲೆಕ್ಕ?"